ಸ್ಪಾರ್ಕ್ ಪ್ಲಗ್, ಕಾಯಿಲ್, ಸೆನ್ಸರ್: ಒರಿಜಿನಲ್ಲೇ ಬೇಕಾ, ಹೊರಗಿನದು ಸಾಕಾ?

ನನ್ನ ಮುಂದೆ ಮೇಜಿನ ಮೇಲೆ ಎರಡು ಕ್ರ್ಯಾಂಕ್ ಸೆನ್ಸರ್ ಇದ್ದವು. ಎಂಜಿನ್ ಎಲ್ಲಿಗೆ ತಿರುಗಿದೆ ಅಂತ ಕಾರಿನ ಕಂಪ್ಯೂಟರ್‌ಗೆ ಹೇಳುವುದು ಇದೇ. ಒಂದು ನನ್ನ ಕಾರಿನಿಂದ ಬಿಚ್ಚಿದ ಹಳೆಯದು, ವೈರಿನ ಮೇಲಿನ ರಬ್ಬರ್ ಬಿರುಕು ಬಿಟ್ಟಿತ್ತು. ಇನ್ನೊಂದು ಎರಡು ವಾರದ ಹಿಂದಷ್ಟೇ ಹಾಕಿದ ಹೊಸದು. ಕಪ್ಲರ್ ಒಂದೇ, ಬೋಲ್ಟ್ ಕೂರುವ ತೂತು ಒಂದೇ, ಪ್ಲಾಸ್ಟಿಕ್ಕಿನ ಬಣ್ಣವೂ ಒಂದೇ. ಆದರೆ ಎರಡನ್ನೂ ಒತ್ತಟ್ಟಿಗೆ ಹಿಡಿದು ಅಳೆದಾಗ ಹೊಸದರ ಮೂತಿ ಹೆಚ್ಚುಕಡಿಮೆ 1 ಮಿ.ಮೀ. ಗಿಡ್ಡ ಇತ್ತು. ಈ ಮೂತಿಗೂ ಅದರ ಎದುರು ತಿರುಗುವ ಹಲ್ಲಿನ ಚಕ್ರಕ್ಕೂ ನಡುವೆ ಇರಬೇಕಾದ ಸಂದೇ ಹೆಚ್ಚಿನ ಎಂಜಿನ್‌ಗಳಲ್ಲಿ 1 ಮಿ.ಮೀ. ಆಸುಪಾಸು. ಅಂದರೆ ಸಂದು ಎರಡರಷ್ಟಾಗಿತ್ತು.

ತಣ್ಣಗಿದ್ದಾಗ ಕಾರು ಸರಿಯಾಗಿ ಸ್ಟಾರ್ಟ್ ಆಗುತ್ತಿತ್ತು. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಮತ್ತೆ ಕೀ ತಿರುಗಿಸಿದರೆ ಮಾತ್ರ ಸ್ಟಾರ್ಟರ್ ತಿರುಗುತ್ತಲೇ ಇರುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಪೆಟ್ರೋಲ್ ಪಂಪ್ ನೋಡಿದೆವು, ರಿಲೇ ಬದಲಿಸಿದೆವು, ಬ್ಯಾಟರಿ ಟೆಸ್ಟ್ ಮಾಡಿದೆವು. ಸೆನ್ಸರ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಹೊಸದಲ್ವಾ ಅಂತ.

ಅವತ್ತಿನಿಂದ ಪಾರ್ಟ್ ಕೊಳ್ಳುವಾಗ ನಾನು ಕೇಳುವ ಪ್ರಶ್ನೆ ಬದಲಾಯಿತು. ‘ಒರಿಜಿನಲ್ಲಾ, ಲೋಕಲ್ಲಾ’ ಅಂತ ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ‘ಇದನ್ನು ಮಾಡಿದ್ದು ಯಾರು? ಇದು ತಪ್ಪಿದರೆ ನನಗೆ ಗೊತ್ತಾಗುತ್ತದಾ?’ ಅಂತ ಕೇಳಬೇಕು. ಪೂರ್ತಿ ಸತ್ತ ಸೆನ್ಸರ್ ದೊಡ್ಡ ಕಷ್ಟವಲ್ಲ, ಕಾರಿನ ಕಂಪ್ಯೂಟರೇ ಅದನ್ನು ಹಿಡಿದುಕೊಡುತ್ತದೆ. ಸ್ವಲ್ಪ ಸ್ವಲ್ಪ ಸುಳ್ಳು ಹೇಳುವ ಸೆನ್ಸರ್ ಇದೆಯಲ್ಲ, ಅದು ವಾರಗಟ್ಟಲೆ ಸುತ್ತಿಸುತ್ತದೆ.

ಪೆಟ್ಟಿಗೆಯಲ್ಲಿ ಮೂರು ಥರ

ಮೊದಲನೆಯದು ಕಾರು ಕಂಪನಿಯ ಹೆಸರಿರುವ ಪೆಟ್ಟಿಗೆ. ಇದನ್ನೇ ಜನ ಒರಿಜಿನಲ್ ಅಥವಾ ಜೆನ್ಯೂನ್ ಅನ್ನುವುದು. ಆದರೆ ಹೆಚ್ಚಿನ ಕಾರು ಕಂಪನಿಗಳು ಕಿಡಿ ಹಾರಿಸುವ ಪ್ಲಗ್, ಅದಕ್ಕೆ ವೋಲ್ಟೇಜ್ ಕೊಡುವ ಕಾಯಿಲ್, ಸೆನ್ಸರ್‌ಗಳನ್ನು ತಾವೇ ಮಾಡುವುದಿಲ್ಲ. ಡೆನ್ಸೋ, ಬಾಷ್, ಎನ್‌ಜಿಕೆ, ಹಿಟಾಚಿ, ಮಿತ್ಸುಬಿಷಿ ಎಲೆಕ್ಟ್ರಿಕ್, ವ್ಯಾಲಿಯೋ ಇಂಥವರಿಂದ ಮಾಡಿಸಿಕೊಳ್ಳುತ್ತವೆ.

ಎರಡನೆಯದು ಅದೇ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವುದು. ಇದನ್ನು ಓಇಎಂ ಅಂತಾರೆ. ಕೆಲವು ಸಲ ಈ ಪಾರ್ಟನ್ನು ಕೈಯಲ್ಲಿ ಹಿಡಿದು ನೋಡಿದರೆ, ಕಾರು ಕಂಪನಿಯ ಲೋಗೋ ಇದ್ದ ಜಾಗವನ್ನು ಉಜ್ಜಿ ತೆಗೆದ ಗುರುತು ಕಾಣಿಸುತ್ತದೆ. ಅದನ್ನು ನೋಡಿ ಡೂಪ್ಲಿಕೇಟ್ ಅಂತ ಗಾಬರಿಯಾಗಬೇಡಿ. ಅದೇ ಅಚ್ಚಿನಲ್ಲಿ ಬಂದ ಪಾರ್ಟ್ ಅನ್ನುವುದಕ್ಕೆ ಅದು ಸಾಕ್ಷಿ ಇರಬಹುದು. ಇನ್ನೊಂದು ವಿಷಯ, ಎನ್‌ಜಿಕೆ ಪ್ಲಗ್ ಮಾಡುವ ಕಂಪನಿ 2023ರಲ್ಲಿ ತನ್ನ ಹೆಸರನ್ನು ನೈಟೆರಾ ಅಂತ ಬದಲಿಸಿಕೊಂಡಿತು. ಪ್ಲಗ್‌ಗೆ ಎನ್‌ಜಿಕೆ, ಸೆನ್ಸರ್‌ಗೆ ಎನ್‌ಟಿಕೆ ಅನ್ನುವ ಬ್ರ್ಯಾಂಡ್ ಹಾಗೇ ಇವೆ. ಪೆಟ್ಟಿಗೆ ಮೇಲೆ ನೈಟೆರಾ ಅಂತ ಕಂಡರೆ ಅದರಲ್ಲಿ ಮೋಸವಿಲ್ಲ.

ಮೂರನೆಯದು ಆಫ್ಟರ್‌ಮಾರ್ಕೆಟ್, ಅಂದರೆ ಬೇರೆ ಯಾರೋ ಅಳತೆ ತೆಗೆದುಕೊಂಡು ಮಾಡಿದ್ದು. ಇದರೊಳಗೇ ಆಕಾಶ ಪಾತಾಳದ ವ್ಯತ್ಯಾಸ ಇದೆ. ಹೆಸರು, ನಂಬರ್, ವಾರಂಟಿ ಎಲ್ಲ ಕೊಟ್ಟು ಮಾರುವವರೂ ಇದ್ದಾರೆ, ಹೆಸರೇ ಇಲ್ಲದ ಬಿಳಿ ಡಬ್ಬಿಯವರೂ ಇದ್ದಾರೆ. ನಕಲಿ ಅನ್ನುವುದು ಇವೆಲ್ಲಕ್ಕಿಂತ ಬೇರೆ. ಅದು ಬೇರೆಯವರ ಹೆಸರನ್ನು ಕದ್ದು ಹಾಕಿಕೊಂಡದ್ದು. ಒಳ್ಳೆಯ ಆಫ್ಟರ್‌ಮಾರ್ಕೆಟನ್ನೂ ನಕಲಿಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹೆಜ್ಜೆ 1: ಕೆಟ್ಟಿದ್ದು ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಿ

ಇಲ್ಲಿಯೇ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾರಿನ ಕಂಪ್ಯೂಟರ್‌ಗೆ ಸಿಕ್ಕಿಸಿ ಓದುವ ಸ್ಕ್ಯಾನರ್‌ನಲ್ಲಿ ಬರುವ ಕೋಡ್ ಎಲ್ಲಿ ತೊಂದರೆ ಇದೆ ಅಂತ ಹೇಳುತ್ತದೆಯೇ ಹೊರತು ಯಾವ ಪಾರ್ಟ್ ತರಬೇಕು ಅಂತ ಹೇಳುವುದಿಲ್ಲ.

ಪಿ0302 ಬಂತು ಅಂದುಕೊಳ್ಳಿ. ಎರಡನೇ ಸಿಲಿಂಡರ್ ಮಿಸ್ ಆಗುತ್ತಿದೆ, ಅಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್ ಇರುವ ಕಾರಾದರೆ, ಎಂಜಿನ್ ಆಫ್ ಮಾಡಿ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಸ್ವಲ್ಪ ದೂರ ಓಡಿಸಿ. ಈಗ ಪಿ0303 ಬಂದರೆ ತೊಂದರೆ ಕಾಯಿಲ್ ಜೊತೆಗೇ ಹೋಗಿದೆ, ಕಾಯಿಲ್ ಕೆಟ್ಟಿದೆ. ಮತ್ತೆ ಪಿ0302 ಬಂದರೆ ಕಾಯಿಲ್ ತಪ್ಪಿಲ್ಲ, ಇದೇ ಥರ ಪ್ಲಗ್ ಅದಲು ಬದಲು ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಬದಲಿಸಬೇಕು, ಎರಡನ್ನೂ ಒಟ್ಟಿಗೆ ಬದಲಿಸಿದರೆ ಏನೂ ತಿಳಿಯುವುದಿಲ್ಲ. ಎರಡೂ ಅಲ್ಲ ಅಂತಾದರೆ ಇಂಜೆಕ್ಟರ್, ವೈರಿಂಗ್, ಕಂಪ್ರೆಶನ್ ಕಡೆ ಹೋಗಬೇಕು. ಈ ಪರೀಕ್ಷೆಗೆ ಒಂದು ಸ್ಪ್ಯಾನರ್, ಒಂದು ಸಣ್ಣ ಸ್ಕ್ಯಾನರ್ ಬಿಟ್ಟರೆ ಏನೂ ಬೇಡ.

ಒಂದು ಎಚ್ಚರಿಕೆ. ಚೆಕ್ ಎಂಜಿನ್ ಲೈಟ್ ಸುಮ್ಮನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗುತ್ತಿದ್ದರೆ ಜೋರಾಗಿ ಮಿಸ್ ಆಗುತ್ತಿದೆ, ಉರಿಯದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತಿದೆ ಅಂತ ಅರ್ಥ. ಆಗ ಪರೀಕ್ಷೆ ಅಂತ ಓಡಿಸುತ್ತಾ ಕೂರಬೇಡಿ. ಕಾಯಿಲ್ ಉಳಿಸಲು ಹೋಗಿ ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಕನ್ವರ್ಟರ್ ಸುಟ್ಟುಕೊಳ್ಳುತ್ತೀರಿ.

ಪಿ0171 ಬಂದರೆ, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಅಂತ ಬಂದರೆ, ಎಷ್ಟೋ ಜನ ನೇರ ಆಕ್ಸಿಜನ್ ಸೆನ್ಸರ್, ಅಂದರೆ ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡುವ ಸೆನ್ಸರ್, ಬದಲಿಸುತ್ತಾರೆ. ಸೆನ್ಸರ್ ಪಾಪ ತನಗೆ ಕಂಡಿದ್ದನ್ನು ಹೇಳಿರುತ್ತದೆ ಅಷ್ಟೆ. ಏರ್ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಮಡಿಕೆಯಲ್ಲಿ ಸೀಳಿರಬಹುದು. ಸಣ್ಣ ವ್ಯಾಕ್ಯೂಮ್ ಪೈಪ್ ಕಳಚಿಕೊಂಡಿರಬಹುದು. ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪಿನಲ್ಲಿ ಲೀಕ್ ಇದ್ದರೂ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಹೀಗೇ ತೋರಿಸುತ್ತದೆ.

ಕಪ್ಲರ್ ಬಿಚ್ಚಿ ಪಿನ್ನುಗಳನ್ನು ಟಾರ್ಚ್ ಹಾಕಿ ನೋಡಿ. ಹಸಿರು ಕಿಲುಬು ಹಿಡಿದಿದ್ದರೆ, ಪಿನ್ ಬಾಗಿದ್ದರೆ, ಪ್ಲಗ್ ಕೂರುವ ಬಾವಿಯಲ್ಲಿ ಆಯಿಲ್ ನಿಂತಿದ್ದರೆ, ಮೊದಲು ಅದನ್ನು ಸರಿಮಾಡಬೇಕು. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಒರಿಜಿನಲ್ ಪಾರ್ಟ್ ತಂದರೂ ಅದೇ ಕಥೆ.

ಹೆಜ್ಜೆ 2: ನಂಬರ್ ಹಿಡಿದು ಕೇಳಿ, ಮಾಡೆಲ್ ಹೆಸರು ಹಿಡಿದು ಕೇಳಬೇಡಿ

ಒಂದೇ ಮಾಡೆಲ್, ಒಂದೇ ವರ್ಷ, ಆದರೂ ನಡುವೆ ಪಾರ್ಟ್ ಬದಲಾಗಿರುತ್ತದೆ. ಕಾರಿನ 17 ಅಕ್ಷರಗಳ ವಿಐಎನ್ (ಚಾಸಿ ನಂಬರ್) ಕೊಟ್ಟು ಸರಿಯಾದ ಪಾರ್ಟ್ ನಂಬರ್ ತೆಗೆಸಿ. ಹಳೆಯ ನಂಬರ್ ಬದಲಾಗಿ ಹೊಸ ನಂಬರ್ ಬಂದಿದ್ದರೆ ಅದನ್ನೂ ಬರೆದುಕೊಳ್ಳಿ. ಬಿಚ್ಚಿದ ಪಾರ್ಟಿನ ಮೈಮೇಲೆ ತಯಾರಕರ ಹೆಸರು, ನಂಬರ್ ಅಚ್ಚಾಗಿರುತ್ತದೆ. ಅದನ್ನು ಒರೆಸಿ ಫೋಟೋ ತೆಗೆದುಕೊಳ್ಳಿ. ಯಾವ ಕಂಪನಿಯ ಪೆಟ್ಟಿಗೆ ಹುಡುಕಬೇಕು ಅನ್ನುವುದು ಆ ಒಂದು ಫೋಟೋದಲ್ಲೇ ಗೊತ್ತಾಗುತ್ತದೆ.

ಆಕ್ಸಿಜನ್ ಸೆನ್ಸರ್‌ನಲ್ಲಂತೂ ಇದು ತೀರಾ ಮುಖ್ಯ. ಮಾಮೂಲಿ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಏರಿ ಇಳಿಯುತ್ತಾ ಪೆಟ್ರೋಲ್ ಜಾಸ್ತಿಯೋ ಕಡಿಮೆಯೋ ಅಂತ ಮಾತ್ರ ಹೇಳುತ್ತದೆ. ಏರ್ ಫ್ಯೂಯೆಲ್ ಸೆನ್ಸರ್ ಅನ್ನುವುದು ಎಷ್ಟು ಜಾಸ್ತಿ, ಎಷ್ಟು ಕಡಿಮೆ ಅಂತ ಅಳೆದು ಹೇಳುತ್ತದೆ. ನೋಡಲು ಒಂದೇ ಥರ, ಥ್ರೆಡ್ಡೂ ಒಂದೇ. ವೈರ್ ಎಣಿಸಿ ತೀರ್ಮಾನ ಮಾಡುವ ಹಾಗೂ ಇಲ್ಲ, ನಾಲ್ಕು ವೈರಿನಲ್ಲಿ ಎರಡು ಥರವೂ ಇವೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಎಂಜಿನ್ ಎಂದಿಗೂ ಸರಿಯಾಗಿ ಓಡುವುದಿಲ್ಲ.

ಹೆಜ್ಜೆ 3: ಯಾವ ಪಾರ್ಟಿಗೆ ಯಾವ ಪೆಟ್ಟಿಗೆ

ಸ್ಪಾರ್ಕ್ ಪ್ಲಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಕಾರು ಕಂಪನಿಯ ಪೆಟ್ಟಿಗೆಗೆ ಹೆಚ್ಚು ಕೊಡಬೇಕಾಗಿಲ್ಲ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಅದೇ ನಂಬರಿನ ಪ್ಲಗ್ಗನ್ನು ಅದನ್ನು ಮಾಡಿದ ಕಂಪನಿಯ ಪೆಟ್ಟಿಗೆಯಲ್ಲೇ, ನಂಬಿಕೆಯ ಕಡೆ ತೆಗೆದುಕೊಂಡರೆ ಸಾಕು. ಬೇರೆ ಬ್ರ್ಯಾಂಡ್‌ಗೆ ಹೋಗುವುದಾದರೆ ಹೀಟ್ ರೇಂಜ್ ಕಡೆ ಗಮನ ಕೊಡಿ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಕಟ್ಟುತ್ತದೆ, 850 ಡಿಗ್ರಿ ದಾಟಿ ಕಾದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯ ಶುರುವಾಗುತ್ತದೆ. ಈ ಎರಡರ ನಡುವೆ ಇಡುವುದೇ ಹೀಟ್ ರೇಂಜಿನ ಕೆಲಸ. ಗೊಂದಲ ಎಲ್ಲಿ ಅಂದರೆ, ಎನ್‌ಜಿಕೆ ಮತ್ತು ಡೆನ್ಸೋದಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣಗಿನದು, ಬಾಷ್‌ನಲ್ಲಿ ಅಂಕಿ ಹೆಚ್ಚಾದಷ್ಟೂ ಬಿಸಿಯದು. ಎನ್‌ಜಿಕೆಯ 6 ಅಂದರೆ ಡೆನ್ಸೋದ 20. ಅಂಕಿಗೆ ಅಂಕಿ ಹೋಲಿಸಿ ತರಬೇಡಿ, ಪಟ್ಟಿ ನೋಡಿ ತನ್ನಿ.

ಇರಿಡಿಯಂ ಪ್ಲಗ್ ಬಂದ ಕಾರಿಗೆ ನಿಕ್ಕಲ್ ಪ್ಲಗ್ ಹಾಕಿದರೆ ಓಡುವುದೇನೋ ಓಡುತ್ತದೆ. ಆದರೆ ನಿಕ್ಕಲ್ 30,000 ಕಿ.ಮೀ. ಆಸುಪಾಸಿನಲ್ಲಿ ಸವೆದಿರುತ್ತದೆ, ಇರಿಡಿಯಂ ಅನೇಕ ಕಾರುಗಳಲ್ಲಿ 1,00,000 ಕಿ.ಮೀ. ವರೆಗೂ ಬರುತ್ತದೆ. ಇರಿಡಿಯಂ ಕರಗುವುದೇ 2,400 ಡಿಗ್ರಿ ದಾಟಿದ ಮೇಲೆ, ಅದಕ್ಕೇ ತುದಿಯನ್ನು ಸೂಜಿಯಷ್ಟು ಸಣ್ಣ ಮಾಡಲು ಆಗುವುದು. ಪ್ಲಗ್ ಸವೆದು ಗ್ಯಾಪ್ ದೊಡ್ಡದಾದರೆ ಕಿಡಿ ಹಾರಿಸಲು ಕಾಯಿಲ್ ಜಾಸ್ತಿ ವೋಲ್ಟೇಜ್ ಕೊಡಬೇಕು, ಕೊಟ್ಟು ಕೊಟ್ಟು ಕಾಯಿಲ್ಲೇ ಸಾಯುತ್ತದೆ. ಎಷ್ಟೋ ಕಾಯಿಲ್‌ಗಳು ಸತ್ತಿದ್ದು ಹಳೆಯ ಪ್ಲಗ್ಗಿನಿಂದ.

ಕಾಯಿಲ್ ಮಾಡುವ ಕೆಲಸ ಸಣ್ಣದಲ್ಲ. ಬ್ಯಾಟರಿಯ 12 ವೋಲ್ಟನ್ನು 20,000ದಿಂದ 40,000 ವೋಲ್ಟಿನವರೆಗೆ ಏರಿಸಬೇಕು, ಅದೂ ಎಂಜಿನ್ ತಲೆಯ ಮೇಲೆ ಕುದಿಯುವ ಬಿಸಿಯಲ್ಲಿ ಕೂತು. ಕೂದಲಿನಷ್ಟು ಸಣ್ಣ ತಂತಿ ಸಾವಿರಾರು ಸುತ್ತು, ಅದರ ಸುತ್ತ ಎಪಾಕ್ಸಿ. ಆ ಎಪಾಕ್ಸಿಯಲ್ಲಿ ಗಾಳಿಯ ಗುಳ್ಳೆ ಉಳಿದಿದ್ದರೆ ಬಿಸಿಯಾದಾಗ ಅಲ್ಲಿಂದಲೇ ಕರೆಂಟ್ ಸೋರಲು ಶುರು. ಅಗ್ಗದ ಕಾಯಿಲ್ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ, ತಣ್ಣಗಿದ್ದಾಗ ಮೀಟರ್ ಹಿಡಿದರೂ ಸರಿಯಾಗಿಯೇ ತೋರಿಸುತ್ತದೆ. ಏರು ರಸ್ತೆಯಲ್ಲಿ ಲೋಡ್ ಬಿದ್ದಾಗ ಬಣ್ಣ ಬಯಲಾಗುತ್ತದೆ. ಹಾಗಾಗಿ ಕಾಯಿಲ್ ಜೆನ್ಯೂನ್ ಇರಲಿ, ಇಲ್ಲವೇ ಅದೇ ತಯಾರಕರ ಪೆಟ್ಟಿಗೆ ಇರಲಿ. ನಾಲ್ಕನ್ನೂ ಬದಲಿಸಿ ಅಂತ ಹೇಳಿದರೆ ಅವಸರ ಬೇಡ. ಕೆಟ್ಟಿದ್ದು ಒಂದಾದರೆ ಒಂದೇ ಸಾಕು, ಪ್ಲಗ್ ಮಾತ್ರ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಕಾಯಿಲ್ ಕೆಳಗಿನ ರಬ್ಬರ್ ಬೂಟಿನ ಮೇಲೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲಿಂದ ಹಾರುತ್ತಿದೆ. ಕೆಲವು ಕಾರುಗಳಿಗೆ ಆ ಬೂಟ್ ಒಂದೇ ಬೇರೆಯಾಗಿ ಸಿಗುತ್ತದೆ, ಕೇಳಿ ನೋಡಿ.

ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗೆ ರಾಜಿಯೇ ಬೇಡ. ಕಿಡಿ ಯಾವ ಕ್ಷಣಕ್ಕೆ, ಪೆಟ್ರೋಲ್ ಯಾವ ಕ್ಷಣಕ್ಕೆ ಅನ್ನುವುದು ಇವುಗಳ ಮಾತಿನ ಮೇಲೆ ನಿಂತಿದೆ. ಹೆಚ್ಚಾಗಿ ಎರಡು ವೈರ್ ಇರುವುದು ತಾನೇ ವೋಲ್ಟೇಜ್ ಹುಟ್ಟಿಸುವ ಸುರುಳಿಯ ಥರ. ಅದು ಬಿಸಿಯಾದಾಗ ಅದರ ಸುರುಳಿಯ ರೆಸಿಸ್ಟೆನ್ಸ್ ಏರುತ್ತದೆ, ಸ್ಟಾರ್ಟರ್ ತಿರುಗಿಸುವ ನಿಧಾನದ ವೇಗದಲ್ಲಿ ಸಿಗ್ನಲ್ ಮೊದಲೇ ಸಣ್ಣದು, ಅದರ ಮೇಲೆ ಸಂದೂ ದೊಡ್ಡದಾದರೆ ಕಂಪ್ಯೂಟರ್‌ಗೆ ಏನೂ ಕೇಳಿಸುವುದಿಲ್ಲ. ನನ್ನ ಕಾರು ಬಿಸಿಯಲ್ಲಿ ಮಾತ್ರ ಹಟ ಹಿಡಿದದ್ದು ಹೀಗೆ. ಮೂರು ವೈರಿನದು ಸಾಮಾನ್ಯವಾಗಿ ಹಾಲ್ ಸೆನ್ಸರ್ (ಕಾಂತಕ್ಷೇತ್ರವನ್ನು ಹಿಡಿಯುವ ಚಿಪ್ ಇರುವುದು), ಕೆಲಸ ಮಾಡುವ ರೀತಿ ಬೇರೆ, ಎಚ್ಚರಿಕೆ ಅದೇ.

ಆಕ್ಸಿಜನ್ ಸೆನ್ಸರ್ 1976ರಲ್ಲಿ ಬಾಷ್ ಮಾಡಿ ವೋಲ್ವೋ ಕಾರಿನಲ್ಲಿ ಮೊದಲ ಸಲ ಬಂತು. ಈಗ ಡೆನ್ಸೋ, ಎನ್‌ಟಿಕೆ ಕೂಡ ದೊಡ್ಡ ಹೆಸರು. ಈ ಪೆಟ್ಟಿಗೆಗಳು ಧೈರ್ಯವಾಗಿ ಕೊಳ್ಳಬಹುದು, ಆದರೆ ನಿಮ್ಮ ಕಾರಿನ ಕಪ್ಲರ್ ಇರುವುದನ್ನೇ ಕೊಳ್ಳಿ. ‘ಯುನಿವರ್ಸಲ್’ ಅಂತ ಬರುವುದಕ್ಕೆ ಹಳೆಯ ಕಪ್ಲರ್ ಕತ್ತರಿಸಿ ಜೋಡಿಸಬೇಕು. ಇಂಥ ಬಹಳಷ್ಟು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರಿನೊಳಗಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಆ ವೈರಿಗೆ ಬೆಸುಗೆ ಹಾಕಿದರೆ ಅದರ ಉಸಿರು ಕಟ್ಟಿದ ಹಾಗೆ.

ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ (ಮಾಫ್) ಕೊಳ್ಳುವ ಮೊದಲು ಅದಕ್ಕೇ ಅಂತ ಸಿಗುವ ಮಾಫ್ ಕ್ಲೀನರ್ ಸ್ಪ್ರೇ ಹೊಡೆದು, ತಂತಿ ಮುಟ್ಟದೆ, ಪೂರ್ತಿ ಒಣಗಿಸಿ ಹಾಕಿ ನೋಡಿ. ತುಂಬಾ ಸಲ ಇಷ್ಟೇ ಸಾಕಾಗುತ್ತದೆ. ಬದಲಿಸಲೇಬೇಕು ಅಂದರೆ, ಹೆಸರಿಲ್ಲದ ಹೊಸದಕ್ಕಿಂತ ಇನ್ನೊಂದು ಕಾರಿನಿಂದ ಬಿಚ್ಚಿದ, ಅದೇ ನಂಬರಿನ ಹಳೆಯ ಒರಿಜಿನಲ್ ಮೇಲು ಅನ್ನುವವನು ನಾನು. ಗಾಳಿಯನ್ನು ಸ್ವಲ್ಪ ಕಡಿಮೆ ಲೆಕ್ಕ ಹಾಕುವ ಸೆನ್ಸರ್ ಕೋಡ್ ಹಾಕಿಸುವುದಿಲ್ಲ. ಪಿಕಪ್ ಸ್ವಲ್ಪ ಮಂಕು, ಮೈಲೇಜ್ ಸ್ವಲ್ಪ ಆಚೀಚೆ, ಅಷ್ಟೇ. ಯಾರಿಗೂ ಕಾರಣ ತಿಳಿಯುವುದಿಲ್ಲ.

ಕೂಲಂಟ್ ಟೆಂಪರೇಚರ್ ಸೆನ್ಸರ್ ಸರಳ ವಸ್ತು, ಒಳ್ಳೆಯ ಹೆಸರಿನ ಆಫ್ಟರ್‌ಮಾರ್ಕೆಟ್ ಸಾಕು. ಹಾಕುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಲೋಟ ನೀರು, ಒಂದು ಥರ್ಮಾಮೀಟರ್, ಮಲ್ಟಿಮೀಟರ್. ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್ ತೋರಿಸಬೇಕು, 80 ಡಿಗ್ರಿಯ ಬಿಸಿ ನೀರಿನಲ್ಲಿ 300 ಓಮ್ ಸುತ್ತಮುತ್ತಲಿಗೆ ಇಳಿಯಬೇಕು. ನಿಮ್ಮ ಕಾರಿನ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಹಳೆಯದನ್ನೂ ಅದೇ ನೀರಿನಲ್ಲಿ ಅದ್ದಿ ಹೋಲಿಸಿ.

ಹೆಜ್ಜೆ 4: ನಕಲಿ ಹಿಡಿಯುವುದು

ಪ್ಲಗ್ಗಿನಲ್ಲಿ ನಕಲಿ ಹಾವಳಿ ಜಾಸ್ತಿ. ಬಿಳಿ ಪಿಂಗಾಣಿ ಮೇಲಿನ ಅಕ್ಷರ ಮಸುಕಾಗಿದೆಯಾ, ಓರೆಯಾಗಿದೆಯಾ ನೋಡಿ. ಬದಿಯಿಂದ ನೋಡಿದರೆ ನಡುವಿನ ತುದಿಗೆ ಮೇಲಿನ ಕೊಕ್ಕೆ ನೇರವಾಗಿ ಕೂತಿರಬೇಕು. ಥ್ರೆಡ್ ಮೇಲೆ ಉಗುರು ಎಳೆದರೆ ಎಲ್ಲೂ ಕೊರಕಲು ಸಿಗಬಾರದು. ವಾಷರ್ ಬೆರಳಿಗೇ ಕಳಚಿ ಬಂದರೆ ಅನುಮಾನ ಪಡಿ. ಇರಿಡಿಯಂ ತುದಿ ಕೂತಿರುವ ಬೆಸುಗೆಯನ್ನು ಫೋನಿನ ಕ್ಯಾಮೆರಾ ಹಿಗ್ಗಿಸಿ ನೋಡಿ, ಸುತ್ತಲೂ ಸಮ ಇರಬೇಕು. ಮೀಟರ್ ಇದ್ದರೆ ಇನ್ನೊಂದು ದಾರಿ ಇದೆ. ಬಿಕೆಆರ್6ಇ ಥರದ ನಂಬರಿನಲ್ಲಿರುವ ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ ಅಂತ. ಮೇಲಿನ ಟರ್ಮಿನಲ್‌ನಿಂದ ನಡುವಿನ ತುದಿಗೆ ಸುಮಾರು 5,000 ಓಮ್ ತೋರಿಸಬೇಕು. ಸೊನ್ನೆ ತೋರಿಸಿದರೆ ರೆಸಿಸ್ಟರೇ ಇಲ್ಲ. ಪೆಟ್ಟಿಗೆಯ ಮೇಲೆ ಕ್ಯೂಆರ್ ಕೋಡ್ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಆದರೆ ಅದೊಂದನ್ನೇ ನಂಬಬೇಡಿ.

ಸೆನ್ಸರ್ ಆದರೆ ನಾನು ಮಾಡುವುದು ಒಂದೇ: ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಉದ್ದ, ಮೂತಿಯ ದಪ್ಪ, ಬೋಲ್ಟ್ ತೂತು, ಕಪ್ಲರ್ ಪಿನ್ ಎಲ್ಲವನ್ನೂ ವರ್ನಿಯರ್‌ನಿಂದ ಅಳೆಯುತ್ತೇನೆ. ಎರಡು ನಿಮಿಷದ ಕೆಲಸ.

ಹೆಜ್ಜೆ 5: ಹಾಕುವಾಗ

ಎಂಜಿನ್ ಪೂರ್ತಿ ತಣ್ಣಗಾಗಲಿ. ಪ್ಲಗ್ ಬಿಚ್ಚುವ ಮೊದಲು ಬಾವಿಯ ಧೂಳನ್ನು ಗಾಳಿ ಹಾಕಿ ಊದಿಸಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಹೊಸ ಪ್ಲಗ್ಗನ್ನು ರೆಂಚ್ ಹಾಕಿ ಶುರು ಮಾಡಲೇಬೇಡಿ. ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿ. ಥ್ರೆಡ್ ಓರೆ ಹಿಡಿದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕೂತ ಮೇಲೆ ಟಾರ್ಕ್ ರೆಂಚ್ ಹಾಕಿ. ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಪ್ಲಗ್ಗಿಗೆ 15ರಿಂದ 20. ಥ್ರೆಡ್‌ಗೆ ಗ್ರೀಸ್, ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚಬೇಡಿ. ಈಗಿನ ಪ್ಲಗ್‌ಗಳಿಗೆ ಲೇಪನ ಇದ್ದೇ ಇದೆ, ಮೇಲೆ ಜಾರಿಕೆಯೂ ಸೇರಿದರೆ ಅಳತೆ ಮೀರಿ ಬಿಗಿಯಾಗುತ್ತದೆ. ಇರಿಡಿಯಂ ತುದಿಗೆ ಗೇಜ್ ಒತ್ತಿ ಗ್ಯಾಪ್ ಅಗಲ ಮಾಡಲು ಹೋದರೆ ಆ ಸಣ್ಣ ತುದಿ ಮುರಿಯುತ್ತದೆ.

ನಾಕ್ ಸೆನ್ಸರ್ ಬೋಲ್ಟ್ ಬಿಗಿಯುವುದೂ ಅಳತೆಯ ಮೇಲೆಯೇ ಇರಬೇಕು, ಅದು ಎಂಜಿನ್ನಿನ ಅದುರುವಿಕೆಯನ್ನು ಆ ಬಿಗಿತದ ಮೂಲಕವೇ ಕೇಳಿಸಿಕೊಳ್ಳುವುದು. ಆಕ್ಸಿಜನ್ ಸೆನ್ಸರ್‌ನ ಮೂತಿಗೆ ಎಣ್ಣೆ, ಗ್ರೀಸ್, ಸಿಲಿಕಾನ್ ಯಾವುದೂ ತಗಲಬಾರದು.

ಹೆಜ್ಜೆ 6: ಹಾಕಿದ ಮೇಲೆ

ಕೋಡ್ ಅಳಿಸಿ, ಸ್ಟಾರ್ಟ್ ಮಾಡಿ, ಲೈಟ್ ಆರಿತು ಅಂತ ಬಾನೆಟ್ ಮುಚ್ಚಿಬಿಡಬೇಡಿ. ಕಾರನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಆಫ್ ಮಾಡಿ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡಿಕೊಂಡು ಓಡಿಸುತ್ತಿದೆ ಅನ್ನುವ ಅಂಕಿ, ನೋಡಿ. ಕೋಡ್ ಅಳಿಸಿದಾಗ ಅದು ಸೊನ್ನೆಗೆ ಬಂದಿರುತ್ತದೆ, ಹಾಗಾಗಿ ಕೆಲವು ದಿನ ಓಡಿದ ಮೇಲಿನ ಅಂಕಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಶೇ. 10ರ ಒಳಗೆ, ಮೇಲಾಗಲಿ ಕೆಳಗಾಗಲಿ, ನಿಂತರೆ ಚಿಂತೆಯಿಲ್ಲ. ಅದನ್ನು ದಾಟಿ ಒಂದೇ ಕಡೆ ಸರಿಯುತ್ತಲೇ ಇದ್ದರೆ, ಹೊಸ ಪಾರ್ಟನ್ನೇ ಮೊದಲು ಅನುಮಾನಿಸಿ.

ಬಿಚ್ಚಿದ ಹಳೆಯ ಪಾರ್ಟನ್ನು ಹೊಸದರ ಪೆಟ್ಟಿಗೆಯಲ್ಲೇ ಹಾಕಿ, ತಾರೀಖು, ಕಿ.ಮೀ., ಪಾರ್ಟ್ ನಂಬರ್ ಬರೆದು ಕೆಲವು ತಿಂಗಳಾದರೂ ಇಟ್ಟುಕೊಳ್ಳಿ. ಬಿಲ್ಲನ್ನೂ ಅದರೊಳಗೇ ಹಾಕಿ, ವಾರಂಟಿ ಕೇಳುವಾಗ ಬೇಕಾಗುತ್ತದೆ. ನನ್ನ ಹಳೆಯ ಕ್ರ್ಯಾಂಕ್ ಸೆನ್ಸರ್ ಡಿಕ್ಕಿಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಉಳಿದಿತ್ತು. ಅದು ಇದ್ದದ್ದಕ್ಕೇ ಆ 1 ಮಿ.ಮೀ. ಕಣ್ಣಿಗೆ ಬಿತ್ತು. ಅದರ ಮೇಲಿದ್ದ ತಯಾರಕರ ನಂಬರ್ ಹಿಡಿದು ತರಿಸಿದ ಸೆನ್ಸರೇ ಈಗಲೂ ಕಾರಿನಲ್ಲಿದೆ.